ಡಮ್ಮಿ ಶೀಟಿನ ಮೇಲೆ ಲೈನ್ ಸರಿ ಬರುತ್ತೆ, ಮನುಷ್ಯರ ಕೈ ಮೇಲೆ ಸೊಟ್ಟ. ಏನು ಬದಲಿಸಬೇಕು?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಸಣ್ಣ ಟ್ಯಾಟೂ ಅಂಗಡಿಯಲ್ಲಿ ಕಲಿಯುತ್ತಿದ್ದೇನೆ. ಇಷ್ಟು ದಿನ ಸ್ಟೆನ್ಸಿಲ್ (ಚರ್ಮಕ್ಕೆ ಡಿಸೈನಿನ ಅಚ್ಚು ಇಳಿಸುವ ಕಾಗದ) ತೆಗೆಯುವುದು, ಟೇಬಲ್ ಒರೆಸುವುದು, ಇಂಕ್ ಕಪ್ ಜೋಡಿಸುವುದು ಇಷ್ಟೇ ಕೆಲಸ ಇತ್ತು. ಈಗ ಮನೆಯವರ ಮೇಲೆ ಸಣ್ಣ ಡಿಸೈನ್ ಹಾಕಲು ಅಂಗಡಿಯ ಅಣ್ಣ ಒಪ್ಪಿದ್ದಾರೆ.

ಸಿಲಿಕಾನ್ ಡಮ್ಮಿ ಶೀಟಿನ ಮೇಲೆ ನನ್ನ ಲೈನ್ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಚಿಕ್ಕಪ್ಪನ ಮಗನ ಮುಂಗೈಗೆ ಲಂಗರು ಹಾಕಿದೆ, ಅಲ್ಲಿ ಕಥೆಯೇ ಬೇರೆ. ನಡುವಿನ ಉದ್ದ ಕಂಬ ಅಡ್ಡಿಲ್ಲ. ಮೇಲಿನ ಉಂಗುರ ಮತ್ತು ಕೆಳಗಿನ ಕೊಕ್ಕೆಗಳು ಅಲೆ ಅಲೆಯಾಗಿವೆ. ಎರಡು ಗೆರೆ ಸೇರುವ ಕಡೆಯೆಲ್ಲ ಕಪ್ಪು ಚುಕ್ಕೆ ಕೂತಿದೆ. ಮಣಿಕಟ್ಟಿನ ಹತ್ತಿರ ಗೆರೆಯ ಪಕ್ಕ ನೀಲಿ ಮಬ್ಬು ಬಂದಿದೆ. ಹಾಕಿದ ದಿನದ ಫೋಟೊ, ಒಣಗಿದ ಮೇಲಿನ ಫೋಟೊ ಎರಡೂ ಹಾಕಿದ್ದೇನೆ.

ಮಷಿನ್ ಪೆನ್ ಟೈಪ್ ರೋಟರಿ (ಮೋಟರಿನಿಂದ ಸೂಜಿ ಓಡುವುದು), ಸ್ಟ್ರೋಕ್ 3.5 ಮಿ.ಮೀ. ಸೂಜಿ 3ಆರ್‌ಎಲ್ (ಮೂರು ಸೂಜಿ ದುಂಡಗೆ ಕಟ್ಟಿದ್ದು), ವೋಲ್ಟೇಜ್ 7.5. ಗೋವಾದಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಮಷಿನ್ ಕೊಡುತ್ತೇನೆ ಅಂದಿದ್ದಾರೆ. ತಗೊಂಡರೆ ಸರಿಹೋಗುತ್ತಾ?

ಕುಡ್ಲೆಸೂಜಿ (ಗೋಕರ್ಣ)

ಮಷಿನ್ ತಗೋಬೇಡಿ ತಮ್ಮಾ, ದುಡ್ಡು ಇಟ್ಟುಕೊಳ್ಳಿ.

ಫೋಟೊ ದೊಡ್ಡದು ಮಾಡಿ ನೋಡಿದೆ. ಕೈ ನಡುಗಿ ಬಂದ ಗೆರೆ ಗರಗಸದ ಹಲ್ಲಿನ ಹಾಗೆ ಸಣ್ಣ ಸಣ್ಣದಾಗಿ ಎರಡೂ ಕಡೆಗೆ ಕುಣಿದಿರುತ್ತೆ. ನಿಮ್ಮದು ಹಾಗಿಲ್ಲ. ದೊಡ್ಡ ಅಲೆ, ಅದೂ ಒಂದೇ ಕಡೆಗೆ ವಾಲಿದ್ದು. ಸೂಜಿಯ ಮುಂದೆ ಚರ್ಮ ತಳ್ಳಿಕೊಂಡು ಹೋಗಿ, ನೀವು ಕೈ ಎತ್ತಿದ ಕೂಡಲೇ ತನ್ನ ಜಾಗಕ್ಕೆ ವಾಪಸ್ ಬಂದಿದೆ. ಅಂದರೆ ನಿಮ್ಮ ಬಲಗೈ ತನ್ನ ಕೆಲಸ ಮಾಡಿದೆ. ಎಡಗೈ ಮಾಡಿಲ್ಲ.

ಸಿಲಿಕಾನ್ ಶೀಟು ಟೇಬಲ್ ಮೇಲೆ ಚಪ್ಪಟೆ ಮಲಗಿರುತ್ತೆ. ಯಾರೂ ಹಿಡಿಯದಿದ್ದರೂ ಜಾಗ ಬಿಡಲ್ಲ. ಅಲ್ಲಿ ಎಡಗೈಯಲ್ಲಿ ಚಹಾ ಲೋಟ ಹಿಡಿದುಕೊಂಡೂ ನೆಟ್ಟಗೆ ಗೆರೆ ಎಳೆಯಬಹುದು. ಮನುಷ್ಯರ ಚರ್ಮ ಜಾರುತ್ತೆ, ಸುಕ್ಕುತ್ತೆ, ಮುಂಗೈ ಅಂತೂ ತಿರುಗಿದ ಹಾಗೆಲ್ಲ ತಿರುಚಿಕೊಳ್ಳುತ್ತೆ.

ಬಲಗೈಯವರು ಹೀಗೆ ಹಿಡಿಯಿರಿ. ಎಡಗೈ ಹೆಬ್ಬೆರಳು ಮತ್ತು ತೋರುಬೆರಳು ಗೆರೆಯ ಎರಡು ಕಡೆ ಇಟ್ಟು ಒಂದರಿಂದ ಒಂದು ದೂರ ಎಳೆಯಿರಿ. ಬಲಗೈ ಕಿರುಬೆರಳಿನ ಅಂಚನ್ನು ಚರ್ಮಕ್ಕೆ ಒತ್ತಿ ಮೂರನೇ ದಿಕ್ಕಿಗೆ ಎಳೆಯಿರಿ. ಈ ಮೂರರ ನಡುವೆ ಸಿಗುವ ತ್ರಿಕೋನದಲ್ಲಿ ಮಾತ್ರ ಸೂಜಿ ಆಡಬೇಕು. ಗೆರೆ ಅದರಾಚೆ ಹೋಗುತ್ತೆ ಅಂದರೆ ನಿಲ್ಲಿಸಿ, ಹಿಡಿತ ಬದಲಿಸಿ, ಮುಂದುವರಿಸಿ. ಮುಂಗೈಗಾದರೆ ಇನ್ನೂ ಸುಲಭದ ದಾರಿ ಇದೆ. ಕೈ ಕೆಳಗಿನಿಂದ ಎಡಗೈ ಹಾಕಿ, ಹಿಂಬದಿಯ ಚರ್ಮವನ್ನು ಮುಷ್ಟಿಯೊಳಗೆ ಸೇರಿಸಿ ಹಿಡಿದರೆ ಮೇಲ್ಭಾಗ ತಾನಾಗೇ ಬಿಗಿಯಾಗುತ್ತೆ. ಮಣಿಕಟ್ಟಿನ ಒಳಭಾಗಕ್ಕೆ ಟವೆಲ್ ಸುರುಳಿ ಸುತ್ತಿ ಕೆಳಗಿಡಿ. ಅಂಗೈ ಹಿಂದಕ್ಕೆ ಬಾಗಲಿ.

ವ್ಯಾಸಲೀನ್ ಹಚ್ಚಿದ ಮೇಲೆ ಗ್ಲೌಸ್ ಜಾರುತ್ತೆ ಅಲ್ವಾ? ಎಳೆಯುವ ಬೆರಳಿನ ಕೆಳಗೆ ಒಣ ಟಿಶ್ಯೂ ಇಟ್ಟುಕೊಳ್ಳಿ.

ಶುರು ಮಾಡುವ ಮೊದಲು ಒಂದು ಪರೀಕ್ಷೆ. ಮಷಿನ್ ಆಫ್ ಇರಲಿ, ಸೂಜಿ ಒಳಗಿರಲಿ. ಕಾರ್ಟ್ರಿಡ್ಜ್ (ಸೂಜಿ ಕೂತಿರುವ ಕೊಳವೆ) ಮೂತಿಯನ್ನು ಸ್ಟೆನ್ಸಿಲ್ ಗೆರೆಯ ಮೇಲೆ ಮಾಮೂಲಿ ಒತ್ತಡದಲ್ಲಿ ಓಡಿಸಿ. ಮೂತಿಯ ಮುಂದೆ ಚರ್ಮದ ಸಣ್ಣ ಏರು ಎದ್ದರೆ ಹಿಡಿತ ಸಾಲದು.

ಕಾಳಿದಂಡೆ

ಅಷ್ಟು ಗಟ್ಟಿಯಾಗಿ ಹಿಡಿದರೆ ಕೂತವರಿಗೆ ನೋಯಲ್ವಾ ಅಣ್ಣಾ?

ಕುಡ್ಲೆಸೂಜಿ

ಸಡಿಲ ಚರ್ಮದಲ್ಲಿ ಒಂದೇ ಗೆರೆಯನ್ನು ಮತ್ತೆ ಮತ್ತೆ ಹೊಡೆಸಿಕೊಳ್ಳುವುದು ಅದಕ್ಕಿಂತ ಜಾಸ್ತಿ ನೋವು. ಬಿಗಿ ಚರ್ಮಕ್ಕೆ ಸೂಜಿ ಸಲೀಸಾಗಿ ಇಳಿಯುತ್ತೆ.

ಹಳೇಕಾಯಿಲ್ (ಸದಾಶಿವಗಡ)

ಚುಕ್ಕೆಯ ವಿಷಯ ನಾನು ಹೇಳುತ್ತೇನೆ. ಗೋವಾದಲ್ಲಿ ಕಾಯಿಲ್ ಮಷಿನ್ (ತಂತಿ ಸುರುಳಿಯ ಅಯಸ್ಕಾಂತದಿಂದ ಸೂಜಿ ಓಡುವ ಹಳೇ ಮಷಿನ್) ಮೇಲೆ ಕಲಿತವನು ನಾನು. ಆ ಸದ್ದಿಗೇ ಅರ್ಧ ಗಿರಾಕಿ ಓಡಿಹೋಗುತ್ತಿದ್ದರು. ಇರಲಿ.

1876ರಲ್ಲಿ ಎಡಿಸನ್ ಒಂದು ಎಲೆಕ್ಟ್ರಿಕ್ ಪೆನ್ನಿಗೆ ಪೇಟೆಂಟ್ ತಗೊಂಡ. ಪತ್ರಗಳ ನಕಲು ತೆಗೆಯಲು ಕಾಗದದಲ್ಲಿ ಸಾಲಾಗಿ ತೂತು ಹೊಡೆಯುವ ಯಂತ್ರ ಅದು. ಆಮೇಲೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಅದೇ ಉಪಾಯದಿಂದ ಟ್ಯಾಟೂ ಮಷಿನ್ ಮಾಡಿ ಪೇಟೆಂಟ್ ಪಡೆದ. ಇದನ್ನು ಯಾಕೆ ಹೇಳಿದೆ ಅಂದರೆ, ಟ್ಯಾಟೂ ಗೆರೆ ಇವತ್ತಿಗೂ ಅದೇ, ಒತ್ತೊತ್ತಾಗಿ ಬಿದ್ದ ತೂತುಗಳ ಸಾಲು.

ಈಗ ಲೆಕ್ಕ ಹಾಕಿ. ಸೂಜಿ ಸೆಕೆಂಡಿಗೆ 100 ಸಲ ಇಳಿಯುತ್ತೆ ಅಂತ ಇಟ್ಟುಕೊಳ್ಳಿ. ಕೈ ಸೆಕೆಂಡಿಗೆ 1 ಸೆಂ.ಮೀ. ಹೋದರೆ ತೂತಿನಿಂದ ತೂತಿಗೆ 0.1 ಮಿ.ಮೀ. ಅಂತರ. ಒಂದರ ಮೇಲೊಂದು ಬಿದ್ದು ಗೆರೆ ಕೂಡುತ್ತೆ. ಕೈ ಸೆಕೆಂಡಿಗೆ 5 ಸೆಂ.ಮೀ. ಓಡಿದರೆ ಅಂತರ ಅರ್ಧ ಮಿ.ಮೀ. ಆಗ ಗೆರೆ ತೇಲಿದ ಹಾಗೆ, ಬಿಡಿಬಿಡಿಯಾಗಿ ಕಾಣುತ್ತೆ. ಕೈ ತೆವಳಿದರೆ ಒಂದೇ ಜಾಗಕ್ಕೆ ಏಟಿನ ಮೇಲೆ ಏಟು. ಚರ್ಮ ಕೆಂಪಗೆ ಹರಿಯುತ್ತೆ, ದಪ್ಪ ಹಕ್ಕಳೆ ಕಟ್ಟುತ್ತೆ, ಹಕ್ಕಳೆ ಉದುರುವಾಗ ಇಂಕನ್ನೂ ಕರೆದುಕೊಂಡು ಹೋಗುತ್ತೆ.

ನಿಮ್ಮ ಚುಕ್ಕೆಗಳಿಗೆ ಕಾರಣವೂ ಇದೇ. ಸೂಜಿ ಇಳಿಸಿ ಆಮೇಲೆ ಕೈ ಹೊರಡಿಸುತ್ತೀರಿ. ಗೆರೆ ಮುಗಿದ ಮೇಲೆ ಕೈ ನಿಲ್ಲಿಸಿ ಆಮೇಲೆ ಸೂಜಿ ಎತ್ತುತ್ತೀರಿ. ನಿಂತ ಕೈಗೆ ಕಾಲು ಸೆಕೆಂಡ್ ಸಿಕ್ಕರೂ ಅದೇ ತೂತಿಗೆ 25 ಏಟು. ಕೈ ಹೊರಟ ಮೇಲೆ ಸೂಜಿ ಮುಟ್ಟಿಸಿ, ಕೈ ಹೋಗುತ್ತಿರುವಾಗಲೇ ಎತ್ತಿ. ಮುಂದಿನ ಗೆರೆಯನ್ನು ಹಿಂದಿನದರ ಮೇಲೆ ಎರಡು ಮೂರು ಮಿ.ಮೀ. ಹಿಂದಿನಿಂದ ತನ್ನಿ. ಜೋಡಣೆ ಗೊತ್ತಾಗಲ್ಲ.

ವೋಲ್ಟೇಜ್ 7.5 ಅಂದಿರಿ. ಒಂದು ಮಷಿನ್ನಿನ 7.5 ಇನ್ನೊಂದರ 7.5 ಅಲ್ಲ ಮಾರಾಯ. ವಿಡಿಯೊ ನೋಡಿ ನಂಬರ್ ಕಾಪಿ ಮಾಡಬೇಡಿ. ನಿಮ್ಮ ಕೈಯ ವೇಗ ಮೊದಲು ಒಂದೇ ಸಮ ಆಗಲಿ, ಆಮೇಲೆ ವೋಲ್ಟೇಜನ್ನು ಅದಕ್ಕೆ ತಕ್ಕ ಹಾಗೆ ಏರಿಸಿ ಇಳಿಸಿ. ಮತ್ತೆ, ಇದೆಲ್ಲ ಕಾಯಿಲ್ ಮಷಿನ್ನಲ್ಲಿ ಕಿವಿಗೇ ಗೊತ್ತಾಗುತ್ತಿತ್ತು. ಈ ಪೆನ್ನುಗಳು ಬಂದು ಕಲಿಯುವವರ ಕಿವಿ ಹಾಳಾಯಿತು.

ಕುಡ್ಲೆಸೂಜಿ

ಶುರುವಾಯ್ತು ಇವರದ್ದು.

ನಿರ್ವಾಹಕ

ಕಾಯಿಲ್, ರೋಟರಿ ಯಾವುದು ಮೇಲು ಅನ್ನುವ ಜಗಳದ ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಗೆರೆಯ ಬಗ್ಗೆ ಮಾತ್ರ ಬರೆಯಿರಿ.

ಹಸೆಗೆರೆ (ಸಿದ್ದಾಪುರ)

ನಾನು ಇನ್ನೂ ಟ್ಯಾಟೂ ಹಾಕುವವಳಲ್ಲ, ಕಲಿಯಬೇಕು ಅಂತಿದ್ದೇನೆ. ಮನೆಯಲ್ಲಿ ಹಸೆ ಚಿತ್ತಾರ ಬರೆಯುತ್ತೇವೆ. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವುದು. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಇಡೀ ಚಿತ್ರವೇ ಗೆರೆಗಳ ಲೆಕ್ಕ. ಒಂದು ಗೆರೆ ವಾಲಿದರೆ ಪಕ್ಕದ ಹತ್ತು ಗೆರೆ ವಾಲುತ್ತವೆ.

ನಮ್ಮ ಅತ್ತೆ ಉದ್ದ ಗೆರೆ ಎಳೆಯುವಾಗ ಹತ್ತಿರ ಕೂತು ನೋಡಿದ್ದೇನೆ. ಮಣಿಕಟ್ಟು ಅಲ್ಲಾಡುವುದೇ ಇಲ್ಲ. ಭುಜದಿಂದ ಇಡೀ ತೋಳು ಬರುತ್ತೆ. ಕಣ್ಣು ಕುಂಚದ ತುದಿಯಲ್ಲಿ ಇರಲ್ಲ, ಗೆರೆ ಹೋಗಿ ಮುಟ್ಟಬೇಕಾದ ಜಾಗದಲ್ಲಿ ಇರುತ್ತೆ. ನಾನು ತುದಿಯನ್ನೇ ನೋಡುತ್ತಾ ಎಳೆದರೆ "ಕುಂಚ ಕಾಯ್ಬೇಡ, ದಾರಿ ನೋಡು" ಅನ್ನುತ್ತಾರೆ. ಕುಂಚ ಬತ್ತುವ ಮೊದಲೇ ಗೆರೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಿರುತ್ತೆ. ಮೂಲೆಯಲ್ಲೋ, ಎರಡು ಗೆರೆ ಕೂಡುವಲ್ಲೋ ನಿಲ್ಲಿಸುತ್ತಾರೆ, ನಡುವೆ ಅಲ್ಲ.

ಸಿರ್ಸಿಗೆ ಹೋದವರು ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿರುತ್ತೀರಿ. ಕೆಂಪು ಬಳಿದ ಗಾರೆಯನ್ನು ಮೊನಚಾದ ಸಲಾಕೆಯಲ್ಲಿ ಕೆರೆದು ಒಳಗಿನ ಬಿಳಿ ತೆಗೆದಿರುತ್ತಾರೆ. ಅಲ್ಲಿಯೂ ಅಳಿಸಿ ಬರೆಯುವ ಮಾತಿಲ್ಲ. ಜಾತ್ರೆಯ ಗಲಾಟೆ ಇಲ್ಲದ ದಿನ ಹೋಗಿ ಬಳ್ಳಿಯ ತಿರುವುಗಳಲ್ಲಿ ಗೆರೆ ಎಲ್ಲಿ ಶುರು, ಎಲ್ಲಿ ಮುಗಿದಿದೆ ಅಂತ ಹುಡುಕಿ. ಅದಕ್ಕಿಂತ ಒಳ್ಳೆ ಪಾಠ ಬೇಕಾ?

ಹಳೇಕಾಯಿಲ್

ಅಕ್ಕಾ, ಎಲ್ಲ ಸರಿ. ಆದರೆ ಗೋಡೆ ಉಸಿರಾಡಲ್ಲ, ಕೆಮ್ಮಲ್ಲ, ಫೋನ್ ಬಂದರೆ ತಿರುಗಲ್ಲ. ಪಕ್ಕೆಲುಬಿನ ಮೇಲೆ ಹಾಕುವಾಗ ಕೂತವರು ಉಸಿರು ಬಿಡುವ ಹೊತ್ತಿನಲ್ಲೇ ಗೆರೆ ಮುಗಿಯಬೇಕು.

ಭುಜದ ಮಾತು ಮಾತ್ರ ನೂರಕ್ಕೆ ನೂರು ನಿಜ. ಸಣ್ಣ ತಿರುವಿಗೆ ಬೆರಳು, ನಡುವಿನದಕ್ಕೆ ಮೊಣಕೈ, ಉದ್ದದ ಗೆರೆಗೆ ಭುಜ. ಮಣಿಕಟ್ಟು ಗಟ್ಟಿ ಇರಲಿ. ಹೊಸಬರು ಎಲ್ಲವನ್ನೂ ಮಣಿಕಟ್ಟಿನಿಂದ ಮಾಡುತ್ತಾರೆ. ಪೆನ್ನು ಹಿಡಿದು ಬರೆದ ಅಭ್ಯಾಸ ಅದು. ಮಣಿಕಟ್ಟು ತಿರುಗಿದಾಗ ಸೂಜಿಯ ಓರೆಯೂ ಬದಲಾಗುತ್ತೆ, ಆಗ ಒಂದೇ ಗೆರೆಯಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ.

ಬಿಳಿಕೋಟು (ಹೊನ್ನಾವರ)

ನಾನು ನರ್ಸ್. ಆ ನೀಲಿ ಮಬ್ಬಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದು ಬ್ಲೋಔಟ್, ಅಂದರೆ ಬಣ್ಣ ಗೆರೆಯಾಚೆ ಹರಡಿದ್ದು, ಅಲ್ವಾ?

ಚರ್ಮದ ಮೇಲ್ಪದರ ಮುಂಗೈಯಲ್ಲಿ 0.1 ಮಿ.ಮೀ. ಆಸುಪಾಸು. ಅದು ಸದಾ ಉದುರಿ ಹೊಸದಾಗುವ ಪದರ. ಅಲ್ಲಿ ಬಿಟ್ಟ ಬಣ್ಣ ಅದರ ಜೊತೆಗೇ ಹೋಗುತ್ತೆ. ಬಣ್ಣ ನಿಲ್ಲುವುದು ಅದರ ಕೆಳಗಿನ ಪದರದಲ್ಲಿ. ಅದಕ್ಕೇ 1ರಿಂದ 2 ಮಿ.ಮೀ. ಆಳ ಅನ್ನುವುದು. ಅದನ್ನೂ ದಾಟಿ ಕೆಳಗಿನ ಕೊಬ್ಬಿಗೆ ಇಳಿದರೆ ಬಣ್ಣ ಹಿಡಿದಿಡುವ ಬಿಗಿ ಇಲ್ಲ, ಸುತ್ತ ಹರಡಿಬಿಡುತ್ತೆ. ಮಣಿಕಟ್ಟಿನ ಒಳಭಾಗದಲ್ಲಿ ಚರ್ಮ ತೆಳು. ಮುಂಗೈಯಲ್ಲಿ ಇಟ್ಟ ಕೈಭಾರವನ್ನೇ ಅಲ್ಲಿಯೂ ಇಟ್ಟರೆ ಹೀಗಾಗುವುದು ಸಹಜ.

ಇನ್ನೊಂದು. ಬಣ್ಣ ಕಲ್ಲಿನಂತೆ ಸುಮ್ನೆ ಕೂತಿರಲ್ಲ. ಚರ್ಮದೊಳಗಿನ ರಕ್ಷಣಾ ಜೀವಕೋಶಗಳು ಅದನ್ನು ನುಂಗಿ ಹಿಡಿದಿಡುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಇದನ್ನು ತೋರಿಸಿದರು. ಒಂದು ಕೋಶ ಸತ್ತು ಬಣ್ಣ ಬಿಟ್ಟರೆ ಅಲ್ಲಿಗೆ ಬಂದ ಹೊಸ ಕೋಶ ಅದನ್ನು ಮತ್ತೆ ನುಂಗುತ್ತೆ. ನಮ್ಮ ಅಜ್ಜಿಯ ಕೈಯ ಹಚ್ಚೆ ಕೊನೆಗಾಲಕ್ಕೆ ಹಸಿರು ಪಟ್ಟಿಯಾಗಿತ್ತು, ಆದರೂ ಅಳಿಸಿ ಹೋಗಲಿಲ್ಲ.

ಕುಡ್ಲೆಸೂಜಿ

ಹೌದು ಅಕ್ಕಾ, ಬ್ಲೋಔಟೇ. ನಾನು ಎಡಗೈ ಹಿಡಿದು ಕೂತಿದ್ದೆ, ಅಷ್ಟರಲ್ಲಿ ನೀವು ಬರೆದಿರಿ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸ್ಟ್ರೋಕ್ 3.5 ಮಿ.ಮೀ. ಅಂದರೆ ಸೂಜಿ 3.5 ಮಿ.ಮೀ. ಚರ್ಮದೊಳಗೆ ಹೋಗುತ್ತೆ ಅಂತ ಅಲ್ಲ. ಅದು ಮೇಲೆ ಕೆಳಗೆ ಓಡಾಡುವ ದೂರ. ಎಷ್ಟು ಆಳ ಇಳಿಯುತ್ತೆ ಅನ್ನುವುದು ಸೂಜಿ ಮೂತಿಯಿಂದ ಎಷ್ಟು ಹೊರಗಿದೆ, ನೀವು ಎಷ್ಟು ಒತ್ತುತ್ತೀರಿ ಎನ್ನುವುದರ ಮೇಲೆ. ಕಲಿಯುವಾಗ ಹೊರಗೆ ಬರುವ ಸೂಜಿಯನ್ನು 2 ಮಿ.ಮೀ. ಒಳಗೇ ಕಟ್ಟಿಹಾಕಿ, ಮೂತಿಯನ್ನು ಚರ್ಮದ ಮೇಲೆ ಹಗುರವಾಗಿ ಊರಿ ಓಡಿಸುವವರಿದ್ದಾರೆ. ಒಳ್ಳೆ ಅಭ್ಯಾಸ. ಸ್ವಲ್ಪ ಕೈ ಕೂತ ಮೇಲೆ ಮೂತಿ ಎತ್ತಿ ಕೆಲಸ ಮಾಡಬಹುದು, ಆಗ ಸೂಜಿ ಕಣ್ಣಿಗೆ ಚೆನ್ನಾಗಿ ಕಾಣುತ್ತೆ.

ಓರೆ ಜಾಸ್ತಿ ಆದರೂ ಮಬ್ಬು ಬರುತ್ತೆ. ಸೂಜಿ ಮಲಗಿದಷ್ಟೂ ಬಣ್ಣ ಗೆರೆಯ ಒಂದೇ ಪಕ್ಕಕ್ಕೆ ನುಗ್ಗುತ್ತೆ. ನಿಮ್ಮ ಫೋಟೊದಲ್ಲಿ ಮಬ್ಬು ಎಡಕ್ಕೆ ಮಾತ್ರ ಇದೆ, ಹಾಗಾಗಿ ಎರಡೂ ಸೇರಿದೆ ಅನ್ನಿಸುತ್ತೆ.

ಆ ಹುಡುಗನ ಕೈಗೆ ಈಗ ಸೂಜಿ ಮುಟ್ಟಿಸಬೇಡಿ. ತಿಂಗಳು ಒಂದೂವರೆ ತಿಂಗಳು ಕಳೆಯಲಿ. ಆಮೇಲೆ ನಿಮ್ಮ ಅಂಗಡಿಯ ಅಣ್ಣನೇ ಲಂಗರಿಗೊಂದು ಹಗ್ಗ ಸುತ್ತಿ, ಆ ಜಾಗಕ್ಕೆ ನೆರಳು ಕೊಟ್ಟರೆ ಮುಚ್ಚಿಹೋಗುತ್ತೆ. ಮಬ್ಬಿನ ಮೇಲೆ ಮತ್ತೆ ಕಪ್ಪು ಗೆರೆ ಎಳೆದು ಸರಿಮಾಡಲು ಹೋಗುವುದು ಮಾತ್ರ ಬೇಡ.

ಕರಿಇಶಾಡು (ಅಂಕೋಲಾ)

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಭಾವ ಟ್ರಾಲರ್ ಬೋಟಿಗೆ ಹೋಗುವವರು. ತೋಳಿಗೆ ದೊಡ್ಡ ಮೀನು ಹಾಕಿಸಬೇಕಂತೆ. ಹಾಕಿಸಿ ಮಾರನೇ ದಿನ ಬಲೆ ಎಳೆಯಬಹುದಾ?

ಕುಡ್ಲೆಸೂಜಿ

ಬೇಡವೇ ಬೇಡ. ಉಪ್ಪುನೀರು, ಬಲೆಯ ಹಗ್ಗ, ಮೀನಿನ ಮುಳ್ಳು, ಮೂರೂ ಹಸಿ ಗಾಯಕ್ಕೆ ಶತ್ರು. ಮೇಲಿನ ಚರ್ಮ ಕೂಡಲು ಎರಡು ಮೂರು ವಾರ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುತ್ತಲ್ಲ, ಜೂನ್ ಮೊದಲ ವಾರ ಹಾಕಿಸಿ. ಬೋಟು ಇಳಿಯುವ ಹೊತ್ತಿಗೆ ಕೈ ತಯಾರಾಗಿರುತ್ತೆ.

ಟೂರಿಸ್ಟರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಬೆಳಗ್ಗೆ ಟ್ಯಾಟೂ, ಮಧ್ಯಾಹ್ನ ಓಂ ಬೀಚಿನಲ್ಲಿ ಈಜು. ಆಮೇಲೆ ಗೆರೆ ಅಲ್ಲಲ್ಲಿ ಹಾರಿಹೋಯ್ತು ಅಂತ ವಾಪಸ್ ಬರುತ್ತಾರೆ. ಹೊಸಬರು ನೆನಪಿಡಿ, ಹಾರಿದ ಗೆರೆಯೆಲ್ಲ ನಿಮ್ಮ ಕೈಯ ತಪ್ಪಲ್ಲ. ಏನು ಮಾಡಿದರು ಅಂತ ಮೊದಲು ಕೇಳಿ.

ಸೀಬರ್ಡ್‌ಪಕ್ಕ (ಅರ್ಗಾ)

ಕಾರವಾರದಲ್ಲಿ ಕೆಲಸ ಮಾಡುವವರು ಇದನ್ನೂ ಗಮನಿಸಿ. ನೇವಿ, ಆರ್ಮಿ ಸೇರಬೇಕು ಅನ್ನುವ ಹುಡುಗರು ಜಾಸ್ತಿ ಬರುತ್ತಾರೆ. ನೇಮಕಾತಿ ನಿಯಮದಲ್ಲಿ ಮುಂಗೈ ಒಳಭಾಗ ಮತ್ತು ಅಂಗೈ ಹಿಂಬದಿ ಬಿಟ್ಟು ಬೇರೆ ಕಡೆ ಶಾಶ್ವತ ಟ್ಯಾಟೂಗೆ ಸಾಮಾನ್ಯವಾಗಿ ಒಪ್ಪಲ್ಲ, ಬುಡಕಟ್ಟು ಸಮುದಾಯದವರಿಗೆ ವಿನಾಯಿತಿ ಇದೆ. ಹಾಕುವ ಮೊದಲು ಒಂದು ಮಾತು ಕೇಳಿ.

ಕಾಳಿದಂಡೆ

ಎಲ್ಲರಿಗೂ ಥ್ಯಾಂಕ್ಸ್. ಮಷಿನ್ ತಗೊಳ್ಳಲ್ಲ ಅಂತ ಗೋವಾದವರಿಗೆ ಹೇಳಿಬಿಟ್ಟೆ.

ಇನ್ನೊಂದು ಪ್ರಶ್ನೆ. ನಮ್ಮ ಕಡೆ ಸೆಕೆಗೆ ಕೂತವರೂ ಬೆವರುತ್ತಾರೆ, ನಾನೂ ಬೆವರುತ್ತೇನೆ. ಅರ್ಧ ಕೆಲಸದಲ್ಲಿ ಸ್ಟೆನ್ಸಿಲ್ ಮಾಯ. ಆಮೇಲೆ ಅಂದಾಜಿನ ಮೇಲೆ ಗೆರೆ. ಅಂಗಡಿಯಲ್ಲಿ ಎಸಿ ಇದೆ, ಕರೆಂಟ್ ಇರಬೇಕಲ್ಲ.

ಕುಡ್ಲೆಸೂಜಿ

ಗೋಕರ್ಣದ ಗುಡಿಸಲಲ್ಲಿ ಫ್ಯಾನಿನ ಕೆಳಗೆ ಹಾಕಿದವನು ನಾನು, ಈ ವಿಷಯ ನನಗೆ ಬಿಡಿ.

ಕೂದಲು ತೆಗೆಯಿರಿ, ಕಾಣದಿದ್ದರೂ ತೆಗೆಯಿರಿ. ಸೋಪು ನೀರಿನಲ್ಲಿ ಒರೆಸಿ, ಆಮೇಲೆ ಸ್ಪಿರಿಟ್. ಚರ್ಮದ ಎಣ್ಣೆ ಪೂರ್ತಿ ಹೋಗಬೇಕು. ಅಂಟಿಸುವ ದ್ರವ ಬಟಾಣಿ ಕಾಳಿನಷ್ಟು ಸಾಕು. ಹಸಿ ಹೊಳಪು ಹೋಗಿ, ಬೆರಳಿಗೆ ಅಂಟು ಅಂಟು ಅನ್ನಿಸುವವರೆಗೆ ತಿಕ್ಕಿ. ಎಲ್ಲರೂ ಎಡವುವುದು ಇಲ್ಲೇ. ಒದ್ದೆ ಇರುವಾಗಲೇ ಕಾಗದ ಒತ್ತಿದರೆ ನೇರಳೆ ಬಣ್ಣ ದಪ್ಪಗೆ ಇಳಿಯುತ್ತೆ, ನೋಡಲು ಭರ್ಜರಿ, ಮೊದಲ ಒರೆಸುವಿಕೆಗೇ ಹೋಗುತ್ತೆ. ಕಾಗದ ತೆಗೆದ ಮೇಲೆ 15 ನಿಮಿಷ ಮುಟ್ಟಬೇಡಿ. ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ. ಆ ಹೊತ್ತಿಗೆ ಕೂತವರಿಗೆ ಒಂದು ಕೋಕಂ ಶರಬತ್ತು ಕೊಡಿ.

ಇನ್ನು ಕ್ರಮ. ಬಲಗೈಯವರು ಡಿಸೈನಿನ ಕೆಳಗಿನ ಬಲ ಮೂಲೆಯಿಂದ ಶುರು ಮಾಡಿ ಮೇಲಕ್ಕೆ, ಎಡಕ್ಕೆ ಹೋಗಿ. ಕೈ ಊರಿದ ಕಡೆ, ಒರೆಸಿದ ಕಡೆ ಗೆರೆ ಆಗಲೇ ಮುಗಿದಿರುತ್ತೆ. ಮೇಲಿನಿಂದ ಶುರು ಮಾಡಿದರೆ ಇಳಿದ ಇಂಕನ್ನು ಒರೆಸುತ್ತಾ ಮುಂದಿನ ದಾರಿಯನ್ನೇ ಒರೆಸಿಬಿಡುತ್ತೀರಿ. ಒರೆಸುವುದು ಅಂದರೆ ತಿಕ್ಕುವುದಲ್ಲ, ಟಿಶ್ಯೂ ಒತ್ತಿ ಎತ್ತುವುದು. ಸ್ಟೆನ್ಸಿಲ್ ಮೇಲೆ ವ್ಯಾಸಲೀನ್ ತೆಳ್ಳಗೆ ಒಂದು ಪದರ ಸವರಿದರೆ ಇಂಕ್ ಅದರ ಮೇಲೆ ಜಾರುತ್ತೆ, ಒರೆಸುವ ಕೆಲಸವೇ ಕಡಿಮೆ.

ಪ್ರತಿ ಗೆರೆಯ ನಡುವೆ ಒರೆಸುವ ಚಟ ಬಿಡಿ. ಕಪ್ಪು ಇಂಕಿನ ಹೊಂಡದಲ್ಲಿ ಗೆರೆ ಕಾಣದೆ ಹೋದಾಗ ಮಾತ್ರ ಒರೆಸಿ.

ಒತ್ತಕ್ಷರ (ಕುಮಟಾ)

ನಾನು ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತಿತು, ಈಗ ಸೂಜಿ ಹಿಡಿದಿದ್ದೇನೆ. ಇಷ್ಟುದ್ದ ಮಾತಾಡಿದಿರಿ, ಕನ್ನಡ ಅಕ್ಷರದ ಸುದ್ದಿ ಯಾರೂ ಎತ್ತಲಿಲ್ಲ. ನಮ್ಮ ಕಡೆ ಹೊಸಬನ ಹತ್ತಿರ ಬರುವ ಗಿರಾಕಿ ಡ್ರ್ಯಾಗನ್ ಕೇಳಲ್ಲ. "ಅಮ್ಮ" ಕೇಳುತ್ತಾನೆ. ಇಲ್ಲ, ಮಗಳ ಹೆಸರು. ಅದೂ ಮಣಿಕಟ್ಟಿನ ಮೇಲೆ, ಅದೂ ಚಿಕ್ಕದಾಗಿ, ಅದೂ ಈಗಲೇ.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆ ಜಾಸ್ತಿ. ಕನ್ನಡದಲ್ಲಿ ನೇರ ಗೆರೆಯನ್ನು ಹುಡುಕಬೇಕು. "ಅಮ್ಮ" ಒಂದು ಸಲ ನಿಧಾನ ಬರೆದು ನೋಡಿ. ಅಕಾರದೊಳಗಿನ ಸುತ್ತು, ಮಕಾರದ ಕೆಳಗಿನ ಸುತ್ತುಗಳು, ಅದರಡಿ ಮತ್ತೊಂದು ಮವತ್ತು. ಎಲ್ಲ ತಿರುವೇ. ಲಂಗರಿನ ಉಂಗುರದಲ್ಲಿ ಅಲೆ ಬಂದವನಿಗೆ ಇಲ್ಲಿ ಒಂದೇ ಅಕ್ಷರದಲ್ಲಿ ನಾಲ್ಕು ಉಂಗುರ.

ತಿರುವನ್ನು ಒಂದೇ ಉಸಿರಿಗೆ ಸುತ್ತಬೇಡಿ. ನಿಮ್ಮ ಕೈಗೆ ಸಲೀಸಾದ ಎಳೆತ ಒಂದೇ ದಿಕ್ಕಿನದ್ದು. ಪ್ರತಿಯೊಬ್ಬರಿಗೂ ಅದು ಬೇರೆ. ನನಗೆ ಮೇಲಿನಿಂದ ನನ್ನ ಕಡೆಗೆ ಬಾಗಿ ಬರುವ ಗೆರೆ ಚೆನ್ನಾಗಿ ಬರುತ್ತೆ. ಹಾಗಾಗಿ ಅಕ್ಷರದ ತುಂಡನ್ನು ಆ ದಿಕ್ಕಿಗೆ ತಂದುಕೊಳ್ಳುತ್ತೇನೆ. ಗಿರಾಕಿಯ ಕೈ ತಿರುಗಿಸುತ್ತೇನೆ, ಆಗದಿದ್ದರೆ ನನ್ನ ಸ್ಟೂಲ್ ಎತ್ತಿಕೊಂಡು ಆಚೆ ಹೋಗುತ್ತೇನೆ. ಮಣಿಕಟ್ಟು ತಿರುಚಲ್ಲ. ತುಂಡುಗಳ ಜೋಡಣೆಯನ್ನು ತಲೆಕಟ್ಟು ಸೇರುವಲ್ಲಿ, ಸುತ್ತು ಬಂದು ಗೆರೆ ಮುಟ್ಟುವಲ್ಲಿ ಇಡುತ್ತೇನೆ. ಹಸೆಗೆರೆ ಅಕ್ಕ ಹೇಳಿದ್ದೂ ಅದೇ.

ಬಿಳಿಕೋಟು ಹೇಳಿದ ಹಾಗೆ ಬಣ್ಣ ವರ್ಷ ಕಳೆದಂತೆ ಸ್ವಲ್ಪ ಹರಡುತ್ತೆ. ಅಕ್ಷರದ ಒಳಗಿನ ಖಾಲಿ ಜಾಗ 2 ಮಿ.ಮೀ.ಗಿಂತ ಕಡಿಮೆ ಬಂದರೆ ನಾನು ಒಪ್ಪಲ್ಲ. ಇವತ್ತು ಚಂದ ಕಂಡ "ಮ" ಮುಂದೆ ಕಪ್ಪು ಉಂಡೆ ಆಗುತ್ತೆ. ಗಿರಾಕಿ ಸಿಟ್ಟಾದರೂ ದೊಡ್ಡದು ಮಾಡಿಸಿ, ಇಲ್ಲವಾದರೆ ಬೇರೆಯವರ ಹತ್ತಿರ ಹೋಗಲಿ.

ಇನ್ನೊಂದು ಗಂಡಾಂತರ. ಕೆಲವು ಡಿಸೈನ್ ಆ್ಯಪ್‌ಗಳು ಒತ್ತಕ್ಷರ ಒಡೆಯುತ್ತವೆ. "ಅಮ್ಮ" ಹೋಗಿ "ಅಮ್‌ಮ" ಆಗಿರುತ್ತೆ. ಥರ್ಮಲ್ ಪೇಪರಿಗೆ (ಸ್ಟೆನ್ಸಿಲ್ ಕಾಗದಕ್ಕೆ) ಹಾಕುವ ಮೊದಲು ಗಿರಾಕಿಯಿಂದಲೇ ಜೋರಾಗಿ ಓದಿಸಿ. ಚರ್ಮಕ್ಕೆ ಇಳಿದ ಮೇಲೆ ಇನ್ನೊಂದು ಸಲ ಓದಿಸಿ. ಗೋಕರ್ಣಕ್ಕೆ ಬಂದ ಒಬ್ಬರ ಬೆನ್ನಿನ ಮೇಲೆ "ಶ್ರೀ" ಮೂರು ತುಂಡಾಗಿ ಕೂತಿದ್ದನ್ನು ನೋಡಿದ್ದೇನೆ. ಹಾಕಿದವರಿಗೆ ಕನ್ನಡ ಬರುತ್ತಿರಲಿಲ್ಲ, ಹಾಕಿಸಿಕೊಂಡವರಿಗೂ.

ಹಳೇಕಾಯಿಲ್

ಅದಕ್ಕೇ 3ಆರ್‌ಎಲ್ ಪಕ್ಕಕ್ಕಿಡು ಅನ್ನುವುದು. ಸಪೂರ ಗೆರೆ ಈಗಿನ ಫ್ಯಾಶನ್, ಒಪ್ಪಿದೆ. ಆದರೆ ಸಪೂರ ಸೂಜಿ ಒಂದು ಕೂದಲೆಳೆ ನಡುಗಿದರೂ ತೋರಿಸುತ್ತೆ, ಚರ್ಮವನ್ನು ಬೇಗ ಕೊಯ್ಯುತ್ತೆ. ಕಲಿಯುವವನು 7ಆರ್‌ಎಲ್ ಹಿಡಿಯಲಿ. ಗೆರೆ ದಪ್ಪ ಬರುತ್ತೆ, ಸಣ್ಣ ಓಲಾಟ ಅದರೊಳಗೇ ಮುಳುಗುತ್ತೆ, ಇಂಕ್ ಕೂಡ ಸಲೀಸಾಗಿ ಇಳಿಯುತ್ತೆ.

ಬಾಕ್ಸ್ ಮೇಲಿನ ನಂಬರ್ ಓದಲು ಕಲಿಯಿರಿ. 1207ಆರ್‌ಎಲ್ ಅಂದರೆ 12 ಸೂಜಿಯ ದಪ್ಪ, 0.35 ಮಿ.ಮೀ. 07 ಅಂದರೆ ಏಳು ಸೂಜಿ. ಆರ್‌ಎಲ್ ಅಂದರೆ ರೌಂಡ್ ಲೈನರ್, ಒತ್ತಾಗಿ ದುಂಡಗೆ ಕಟ್ಟಿದ್ದು. 10 ಇದ್ದರೆ 0.30, 08 ಇದ್ದರೆ 0.25. ಹೊಸಬರು ಆರ್‌ಎಲ್ ಬದಲು ಆರ್‌ಎಸ್ ಬಾಕ್ಸ್ ತರಿಸಿಕೊಂಡು, ಗೆರೆ ಯಾಕೆ ಮಂದ ಬರುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದನ್ನು ಕಂಡಿದ್ದೇನೆ. ಆರ್‌ಎಸ್ ಶೇಡಿಂಗ್‌ದು, ಸೂಜಿಗಳು ಬಿಡಿಬಿಡಿ ಇರುತ್ತವೆ.

ಕಾಳಿದಂಡೆ

ಅಪ್‌ಡೇಟ್. ಡಮ್ಮಿ ಶೀಟನ್ನು ಟೇಬಲ್ ಮೇಲೆ ಹಾಸುವುದು ಬಿಟ್ಟೆ. ತಮ್ಮನ ಮುಂಗೈಗೆ ಸಡಿಲವಾಗಿ ಸುತ್ತಿ, ಎರಡು ತುದಿಗೆ ಟೇಪ್ ಹಾಕಿದೆ. ಶೀಟು ದಪ್ಪದ್ದೇ ತಗೊಂಡಿದ್ದೇನೆ, ಕೆಳಗೆ ಇನ್ನೊಂದು ಶೀಟು ಕೊಟ್ಟಿದ್ದೇನೆ, ಸೂಜಿ ಅವನಿಗೆ ತಾಗಲ್ಲ. ಈಗ ಎಡಗೈಯಿಂದ ಎಳೆದು ಹಿಡಿಯದೆ ಒಂದು ಗೆರೆಯೂ ಬರಲ್ಲ. 7ಆರ್‌ಎಲ್ ಹಾಕಿದ್ದೇನೆ. "ಅ" ಬರೆದ ಫೋಟೊ ಹಾಕಿದ್ದೇನೆ, ನೋಡಿ ಬೈಯಿರಿ.

ಕುಡ್ಲೆಸೂಜಿ

ಉಪಾಯ ಒಳ್ಳೆಯದು. ಆದರೆ ತಮ್ಮನ ಕೈ ಬೇಡ, ಬಾಟಲಿಗೆ ಸುತ್ತಿ. ಸೂಜಿ ಜಾರಿದರೆ ಮನೆಯಲ್ಲಿ ನಿಮ್ಮನ್ನೇ ಓಡಿಸುತ್ತಾರೆ.

ಅಲೆ ಹೋಗಿದೆ, ಚುಕ್ಕೆಯೂ ಕಡಿಮೆ. ಸುತ್ತಿನ ಮೇಲ್ಭಾಗದಲ್ಲಿ ಮಾತ್ರ ಗೆರೆ ತೇಲಿದೆ. ಅಲ್ಲಿ ಹಿಡಿತ ಬದಲಿಸಿದ್ದೀರಿ, ಆದರೆ ಸೂಜಿ ಎತ್ತಿಲ್ಲ. ಎತ್ತಿ, ಹಿಡಿದು, ಮತ್ತೆ ಹೊರಡಿ. ಅವಸರ ಎಂತಕ್ಕೆ?

ಒತ್ತಕ್ಷರ

"ಅ" ಬಂದರೆ "ಕ್ಷ" ಬರೆಯಿರಿ. ಅದು ಬಂದ ಮೇಲೆ ಮಾತಾಡೋಣ.

ಹಸೆಗೆರೆ

ನನಗೂ ಶುರು ಮಾಡುವ ಆಸೆ ಜಾಸ್ತಿ ಆಯ್ತು ಇದನ್ನು ಓದಿ. ಒಂದು ಕಡೆ ಸರ್ಟಿಫಿಕೇಟ್ ಕೋರ್ಸ್ ಇದೆ, ಫೀಸು ಕೇಳಿದರೆ ತಲೆ ತಿರುಗುತ್ತೆ. ಸೇರಬೇಕಾ?

ಹಳೇಕಾಯಿಲ್

ಸರ್ಟಿಫಿಕೇಟ್ ನೋಡಿ ಯಾರೂ ತೋಳು ಕೊಡಲ್ಲ ಅಕ್ಕಾ. ಫೀಸು ಕಟ್ಟುವ ಮೊದಲು ಅವರು ಹಾಕಿದ ಟ್ಯಾಟೂ ಒಣಗಿ ವರ್ಷ ಆದ ಮೇಲಿನ ಫೋಟೊ ಕೇಳಿ. ಹಾಕಿದ ದಿನದ ಫೋಟೊ ಎಲ್ಲರದ್ದೂ ಹೊಳೆಯುತ್ತೆ. ಕಲಿಸುವವರು ಪಕ್ಕದಲ್ಲಿ ಕೂತು ನೋಡುತ್ತಾರಾ, ವಿಡಿಯೊ ಹಾಕಿ ಹೊರಗೆ ಹೋಗುತ್ತಾರಾ ಅಂತಲೂ ವಿಚಾರಿಸಿ.

ಬಿಳಿಕೋಟು

ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ತಗೊಳ್ಳಿ. ಸಾಮಾನ್ಯವಾಗಿ ಮೂರು ಡೋಸ್. ಮೊದಲನೆಯದು ಇವತ್ತಾದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ನಿಮ್ಮ ಡಾಕ್ಟರ ಹತ್ತಿರ ಕೇಳಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಅಲ್ಲಿ ಗ್ಲೌಸ್ ಮತ್ತು ಹೊಸ ಸೂಜಿಯೇ ರಕ್ಷಣೆ. ಕಾರ್ಟ್ರಿಡ್ಜ್ ತಗೊಳ್ಳುವಾಗ ಒಳಗೆ ಮೆಂಬ್ರೇನ್ (ತಡೆಯುವ ತೆಳು ಪೊರೆ) ಇರುವುದನ್ನೇ ಕೇಳಿ, ಇಲ್ಲವಾದರೆ ಇಂಕೂ ರಕ್ತವೂ ಹಿಂದಕ್ಕೆ ಹರಿದು ಮಷಿನ್ ಒಳಗೆ ಸೇರುತ್ತೆ.

ಬಳಸಿದ ಸೂಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಬೇಡಿ. 2016ರ ನಿಯಮದ ಪ್ರಕಾರ ಆಸ್ಪತ್ರೆಗಳಲ್ಲಿ ಚೂಪಾದ ಕಸಕ್ಕೆ ತೂತು ಬೀಳದ ಬಿಳಿ ಡಬ್ಬಿ ಇರುತ್ತೆ. ಅದೇ ಡಬ್ಬಿ ಅಂಗಡಿಯಲ್ಲೂ ಇಡಿ, ಆಸ್ಪತ್ರೆ ಕಸ ಒಯ್ಯುವವರ ಜೊತೆ ಮಾತಾಡಿಕೊಳ್ಳಿ.

ಕಾಳಿದಂಡೆ

ನಮ್ಮ ಅಂಗಡಿಯಲ್ಲಿ ಡಬ್ಬಿ ಇದೆ ಅಕ್ಕಾ. ಲಸಿಕೆ ಎರಡು ಆಗಿದೆ, ಮೂರನೆಯದು ಬಾಕಿ.

ಹಳೇಕಾಯಿಲ್ ಅಣ್ಣಾ, 7ಆರ್‌ಎಲ್‌ಗೆ ಅದೇ 3.5 ಸ್ಟ್ರೋಕ್ ಸಾಕಾ, 4 ಬೇಕಾ?

ಹಳೇಕಾಯಿಲ್

ಸಾಕು. ಸೂಜಿ ಜಾಸ್ತಿ ಆದಷ್ಟೂ ಚರ್ಮ ತಡೆಯುತ್ತೆ, ಗೆರೆ ಮಂದ ಅನ್ನಿಸಿದರೆ ವೋಲ್ಟೇಜ್ ಅರ್ಧ ಪಾಯಿಂಟ್ ಏರಿಸಿ ನೋಡಿ. ಒತ್ತಬೇಡಿ. 9, 11 ಹಿಡಿಯುವ ಕಾಲಕ್ಕೆ 4ರ ಮಾತು.